ಹಿಂಗಾರಿ ಜೋಳ ಮತ್ತು ಒಬ್ಬ ತಾಯಿಯ ಉಪವಾಸ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

"ಹುಲಿಗೆಮ್ಮಗ ನನ್ನ ಮಾತು ಕೇಳಿಸಂಗಿಲ್ಲೇನ್ರಿ ಮೇಡಂ?"

ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದಾಗ, ಕುರ್ಚಿಯಲ್ಲಿ ಕೂರುವ ಮುಂಚೆಯೇ ಆಕೆ ಕೇಳಿದ್ದು ಇದು. ಕೊಪ್ಪಳ ಜಿಲ್ಲೆ, ಯಲಬುರ್ಗಾ ಕಡೆಯ ಹಳ್ಳಿಯವರು. ವಯಸ್ಸು 48, ಗಂಡ ತೀರಿಕೊಂಡಿದ್ದಾರೆ. ಇದ್ದ ಒಬ್ಬ ಮಗ ಹೊಲ ಮಾರುವ ವಿಷಯಕ್ಕೆ ಜಗಳ ತೆಗೆದು ಬೆಂಗಳೂರಿಗೆ ಹೋಗಿ 14 ತಿಂಗಳಾಗಿತ್ತು. ಕಟ್ಟಡದ ಕೆಲಸ ಮಾಡುತ್ತಾನೆ, ಆರಾಮ ಇದ್ದಾನೆ ಅಂತ ಗೆಳೆಯರು ಹೇಳುತ್ತಾರೆ. ತಾಯಿಯ ಫೋನ್ ಮಾತ್ರ ಎತ್ತುವುದಿಲ್ಲ. ಈಕೆ ದಿನಕ್ಕೆ ಹತ್ತು ಹದಿನೈದು ಸಲ ಮಾಡುತ್ತಿದ್ದರು.

ಮಂಗಳವಾರ, ಶುಕ್ರವಾರ ಉಪವಾಸ. ಹುಣ್ಣಿಮೆಗೆ ಹುಲಿಗೆಮ್ಮ ದೇವಿಯ ಗುಡಿ ಇರುವ ಹುಲಿಗಿಗೆ ಹೋಗಿ ತುಂಗಭದ್ರೆಯಲ್ಲಿ ಮುಳುಗಿ ದರ್ಶನ, ಅವತ್ತೂ ಉಪವಾಸ. ಶುಗರ್ ಇದೆ. ಊಟ ಬಿಟ್ಟ ದಿನವೂ ಮಾತ್ರೆ ಬಿಡುತ್ತಿರಲಿಲ್ಲ. ಎರಡು ಸಲ ಹೊಲದಲ್ಲಿ ತಲೆ ತಿರುಗಿ ಬಿದ್ದಿದ್ದರು. ಇದೆಲ್ಲ ಸಾಲದು ಅಂತ ಓಣಿಯ ಹಿರಿಯರೊಬ್ಬರು "ನಿನ್ನ ಭಕ್ತಿಯೊಳಗ ಏನೋ ಕೊರತಿ ಐತಿ" ಅಂದಿದ್ದರಂತೆ. ಇಂಥ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನೊಂದವರ ತಲೆ ಮೇಲೆ ಇನ್ನೊಂದು ಕಲ್ಲು ಯಾಕೆ?

ಮೊದಲ ದಿನ ದೇವರ ವಿಷಯಕ್ಕೆ ಹೋಗಲೇ ಇಲ್ಲ. ನಿದ್ದೆ, ಊಟ ವಿಚಾರಿಸಿದೆ. ಸಾಯಬೇಕು ಅನಿಸುತ್ತದಾ ಅಂತ ನೇರವಾಗಿಯೇ ಕೇಳಿದೆ. "ಒಂದೆರಡು ಸಲ ಅನಸಿತ್ರಿ. ಎತ್ತಿಗೆ ಮೇವು ಯಾರು ಹಾಕ್ತಾರ ಅಂತ ಸುಮ್ನಾದೆ" ಅಂದರು. ಹಾಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ಹೊತ್ತು ಹಾಗೆ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ ಅಂತ 14416 ಅನ್ನು ದೊಡ್ಡದಾಗಿ ಬರೆದು ಕೊಟ್ಟೆ.

ಎರಡನೇ ಸಲ ಬಂದಾಗ ಮತ್ತೆ ಅದೇ ಪ್ರಶ್ನೆ. ನಾನು ಸ್ವಾಮಿಗಳಲ್ಲ. ಕೇಳಿಸುತ್ತದೆ, ಕೇಳಿಸುವುದಿಲ್ಲ ಅಂತ ಹೇಳುವುದಕ್ಕೆ ನಾನ್ಯಾರು? ಹೊಲದಲ್ಲಿ ಏನಿದೆ ಅಂತ ಕೇಳಿದೆ. ಎರಿ ಹೊಲ, ಅಂದರೆ ಕರಿ ಮಣ್ಣಿನದು, ಹಿಂಗಾರಿ ಬಿಳಿಜೋಳ.

"ಬಿತ್ತಿದ ಮೇಲೆ ಮಳೆ ಆಯ್ತಾ ಅಕ್ಕ?"

ನನ್ನ ದಡ್ಡತನಕ್ಕೆ ಆಕೆ ಮೊದಲ ಸಲ ನಕ್ಕರು. ಹಿಂಗಾರಿಗೆ ಯಾರು ಮಳೆ ಕಾಯುತ್ತಾರೆ? ಉತ್ತರಿ, ಹಸ್ತ ಮಳೆ ನೀರನ್ನು ಕರಿ ಮಣ್ಣು ಹಿಡಿದಿಟ್ಟುಕೊಂಡಿರುತ್ತದೆ. ಆಮೇಲೆ ಆಕಾಶ ಖಾಲಿ ಇದ್ದರೂ ಬೇರು ಆ ಹಸಿ ಹುಡುಕಿಕೊಂಡು ಕೆಳಗೆ ಇಳಿಯುತ್ತದೆ. ಮೇಲೆ ಮಾತ್ರ ನೆಲ ಬಾಯಿ ಬಿಡುತ್ತದೆ. "ಆ ಬಿರುಕಿನ್ಯಾಗ ಕೈ ಹಾಕಿದ್ರ ತಂಪು ಹತ್ತತೈತ್ರಿ" ಅಂತ ಬೆರಳು ಇಳಿಸಿ ತೋರಿಸಿದರು. ಬಿರುಕು ಹಾಗೇ ಬಿಟ್ಟರೆ ಒಳಗಿನ ಹಸಿ ಹಾರಿಹೋಗುತ್ತದೆ. ಅದಕ್ಕೆ ಎಡೆ ಹೊಡೆಯುವುದು, ಅಂದರೆ ಸಾಲುಗಳ ನಡುವೆ ಕುಂಟೆ ಹಾಯಿಸುವುದು. ಸಡಿಲ ಮಣ್ಣು ಬಿದ್ದು ಬಿರುಕು ಮುಚ್ಚುತ್ತದೆ.

"ಬೇರು ಇಳೀತೋ ಇಲ್ಲೋ ಅಂತ ದಿನಾ ಅಗೆದು ನೋಡ್ತೀರಾ?"

"ಹಂಗ ಮಾಡಿದ್ರ ಬೆಳಿ ಉಳೀತೈತೇನ್ರಿ?" ಅಂದವರು ಕೈಯಲ್ಲಿದ್ದ ಫೋನ್ ನೋಡಿ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಆಕೆಯೇ ತಿರುಗಿಸಿ ಕೇಳಿದರು. "2023ರ ಬರದಾಗ ಒಳಗೂ ಹಸಿ ಇರ್ಲಿಲ್ರಿ. ಅದಕ್ಕೇನಂತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ. ಆ ವರ್ಷ ಹೊಟ್ಟೆಗೆ ಏನು ಮಾಡಿದಿರಿ ಅಂತಷ್ಟೇ ಕೇಳಿದೆ. ತವರಿನ ಅಣ್ಣ ಕೇಳದೇನೆ ಎರಡು ಚೀಲ ಜೋಳ ಇಳಿಸಿ ಹೋಗಿದ್ದನಂತೆ. "ಅವನನ್ನ ಹುಲಿಗೆಮ್ಮನೇ ಕಳಿಸಿದ್ಲೋ ಏನೋ. ನಾ ಅವತ್ತು ಹಂಗ ತಿಳ್ಕೊಂಡಿರ್ಲಿಲ್ಲ" ಅಂದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಮಾತ್ರೆ ನುಂಗಿ ಉಪವಾಸ ಇದ್ದರೆ ಶುಗರ್ ಒಮ್ಮೆಲೇ ಇಳಿದು ಜೀವಕ್ಕೇ ಬರಬಹುದು. ಡಾಕ್ಟರನ್ನು ಕೇಳುವ ತನಕ ಉಪವಾಸ ಬೇಡ, ಅಮ್ಮನಿಗೆ ಹೂ ಏರಿಸಿ ಸಾಕು. ಮಗನಿಗೆ ದಿನಾ ಫೋನ್ ಬೇಡ. ಭಾನುವಾರಕ್ಕೊಂದು ವಾಯ್ಸ್ ಮೆಸೇಜ್ ಕಳಿಸಿ. ಯಾವಾಗ ಬರ್ತೀ ಅಂತ ಕೇಳಬೇಡಿ, ಅಳಬೇಡಿ. ಎತ್ತು ಹೇಗಿದೆ, ಜೋಳ ಎಷ್ಟೆತ್ತರ ಬಂತು, ಅಷ್ಟು ಹೇಳಿ. ಸಿಟ್ಟು ಬಂದರೆ ಹುಲಿಗೆಮ್ಮನ ಮುಂದೆ ಬೈದುಬಿಡಿ.

"ದೇವರಿಗೆ ಬೈಬಹುದೇನ್ರಿ?"

"ತಾಯಿ ಮುಂದೆ ಅಲ್ಲದೆ ಇನ್ಯಾರ ಮುಂದೆ ಬೈತೀರಿ ಅಕ್ಕ?"

ನಾಲ್ಕನೇ ಸಲ ಬಂದಿದ್ದು ಜನವರಿಯಲ್ಲಿ. ಕೊಪ್ಪಳದ ಗವಿಮಠದ ಜಾತ್ರೆಯ ಗದ್ದಲ, ಬಸ್ಸಿನಲ್ಲಿ ನಿಂತೇ ಬಂದಿದ್ದರು. ಮಗ ಬಂದಿಲ್ಲ, ಫೋನೂ ಮಾಡಿಲ್ಲ. "ಮೆಸೇಜ್ ಕೇಳ್ಯಾನಂತ್ರಿ. ನೀಲಿ ಆಗೈತಂತ ಬಾಜೂಮನಿ ಹುಡುಗಿ ಹೇಳಿದ್ಲು." ಅಷ್ಟು ಹೇಳಿ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸೀತನಿ, ಅಂದರೆ ಸುಟ್ಟು ಉದುರಿಸಿದ ಎಳೆ ಜೋಳದ ಕಾಳು, ಸುರಿದರು. ಹೊಸ ಜೋಳದ್ದು, ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ನನಗೆ ಕೊಡುವ ಮುಂಚೆ ತಾವೇ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅವತ್ತು ಶುಕ್ರವಾರ.