ಸಂಪಾದಕರ ಉತ್ತರ: ಮುಸ್ಲಿಂ ದೇಶಕ್ಕೆ ಹೊರಟ ಮುಸ್ಲಿಂ ಪ್ರವಾಸಿಗೆ

ಕಲಬುರಗಿಯ ರೋಜಾ ಬಡಾವಣೆಯಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇಷ್ಟು: “ನಿಮ್ಮ ಪ್ರವಾಸ ವಿಶೇಷಾಂಕದಲ್ಲಿ ಎಲ್ಲವೂ ಇದೆ, ನಮ್ಮಂಥವರ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಮಕ್ಕಾದ ಉಮ್ರಾ ಯಾತ್ರೆ ಮುಗಿಸಿದ ಮೇಲೆ ನಾನೂ ಪತ್ನಿಯೂ ಮಲೇಷ್ಯಾ, ಟರ್ಕಿ, ಉಜ್ಬೇಕಿಸ್ತಾನಗಳಲ್ಲಿ ಒಂದನ್ನು ನೋಡಿಬರಬೇಕೆಂದಿದ್ದೇವೆ. ಹಲಾಲ್ ಊಟ ಹುಡುಕುವುದು, ನಮಾಜಿಗೆ ಒಂದು ಮೂಲೆ ಹುಡುಕುವುದು, ಲಾಡ್ಜಿನವನು ಹೆಸರು ಓದಿ ಮುಖ ನೋಡುವುದು ಅಲ್ಲಿ ಇರುವುದಿಲ್ಲ, ನಮ್ಮವರ ನಡುವೆಯೇ ಇದ್ದ ಹಾಗಿರುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಇದು ನಿಜವೇ?”

ಮಾನ್ಯರೆ,

ಊಟ, ನಮಾಜು, ಹೆಸರು ಈ ಮೂರರ ಮಟ್ಟಿಗೆ ಮಕ್ಕಳ ಮಾತು ಬಹುಪಾಲು ಸರಿ. “ನಮ್ಮವರ ನಡುವೆ” ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ಉಮ್ರಾದ ಅನುಭವವನ್ನು ಇದಕ್ಕೆ ಅಳತೆಗೋಲು ಮಾಡಿಕೊಳ್ಳುವುದೂ ಬೇಡ. ಮಕ್ಕಾ ಮದೀನಾಗಳಲ್ಲಿ ಎಲ್ಲರೂ ಯಾತ್ರಿಕರೇ. ಕ್ವಾಲಾಲಂಪುರದಲ್ಲಿ ನೀವೊಬ್ಬ ಪರದೇಶಿ, ಅಷ್ಟೆ.

ಮೊದಲು ನೆಮ್ಮದಿಯ ಸಂಗತಿ. ಮಲೇಷ್ಯಾದ ಮಾಲ್, ವಿಮಾನ ನಿಲ್ದಾಣ, ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ‘ಸುರಾವ್’ ಎಂಬ ನಮಾಜಿನ ಕೋಣೆ ಇದ್ದೇ ಇರುತ್ತದೆ; ಎಷ್ಟೋ ಹೋಟೆಲ್ ಕೋಣೆಗಳ ಚಾವಣಿಗೆ ಕಿಬ್ಲಾದ, ಅಂದರೆ ನಮಾಜಿಗೆ ಮುಖ ಮಾಡಬೇಕಾದ ಮಕ್ಕಾದ, ದಿಕ್ಕು ತೋರಿಸುವ ಬಾಣವನ್ನು ಅಂಟಿಸಿರುತ್ತಾರೆ. ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ ಎಂಬ ಹಗುರವನ್ನು, ರೈಲಿನಲ್ಲಿ ಮೇಲಿನ ಬರ್ತ್ ಹತ್ತಿ ಕೂತು ನಮಾಜು ಮಾಡಿದವರಿಗೆ ನಾನು ವರ್ಣಿಸಿ ಹೇಳಬೇಕಿಲ್ಲ. ನಿಮ್ಮ ಪತ್ನಿಯವರಿಗೆ ಇದು ಇನ್ನೂ ದೊಡ್ಡದು. ನಮ್ಮ ಕಡೆಯ ಹೆಚ್ಚಿನ ಮಸೀದಿಗಳಲ್ಲಿ ಹೆಂಗಸರಿಗೆ ಜಾಗವೇ ಇಲ್ಲ; ಅಲ್ಲಿ ಅವರಿಗೆ ನಮಾಜಿಗೆ ಮುನ್ನ ಕೈಕಾಲು ತೊಳೆಯಲು ಪ್ರತ್ಯೇಕ ವುಜೂ ಸ್ಥಳ, ಪ್ರತ್ಯೇಕ ಸಾಲು, ಬಂದವರು ಮೇಲೆ ತೊಟ್ಟುಕೊಳ್ಳಲೆಂದು ಗೂಟಕ್ಕೆ ತೂಗುಹಾಕಿದ ನಮಾಜಿನ ಉಡುಪು ಎಲ್ಲ ಇರುತ್ತವೆ. ಮಕ್ಕಾದ ಹರಮ್ ಶರೀಫ್ ಮಸೀದಿ ಬಿಟ್ಟರೆ ಜಮಾತಿನಲ್ಲಿ (ಸಾಮೂಹಿಕ ನಮಾಜಿನಲ್ಲಿ) ನಿಂತೇ ಇರದ ಹೆಂಗಸೊಬ್ಬಳಿಗೆ ಬೇರೆಲ್ಲ ಪ್ರೇಕ್ಷಣೀಯ ಸ್ಥಳಗಳಿಗಿಂತ ಇದೇ ಹೆಚ್ಚಾದೀತು.

ಆದರೆ ಆ ಸಾಲಿನಲ್ಲಿ ನಿಂತಾಗಲೇ ನಾವು ಬೇರೆ ಊರಿನವರೆಂಬುದು ಗೊತ್ತಾಗುವುದು. ಮಜ್‌ಹಬ್ ಎಂಬ ಆಚರಣಾ ಪಂಥಗಳಲ್ಲಿ ನಾವು ಹನಫಿಗಳು, ಮಲೇಷ್ಯಾದವರು ಶಾಫಿಗಳು. ಬೆಳಗಿನ ಫಜರ್ ನಮಾಜಿನ ಎರಡನೆಯ ರಕಾತಿನಲ್ಲಿ (ಸುತ್ತಿನಲ್ಲಿ) ರುಕೂ, ಅಂದರೆ ಬಾಗುವುದನ್ನು, ಮುಗಿಸಿದ ಇಮಾಮರು ಹಣೆ ನೆಲಕ್ಕೂರುವ ಸಜ್ದಾಕ್ಕೆ ಹೋಗದೆ ನಿಂತಲ್ಲೇ ಕೈಯೆತ್ತಿ ಕುನೂತ್ ಎಂಬ ದುವಾ (ಪ್ರಾರ್ಥನೆ) ಓದತೊಡಗುತ್ತಾರೆ, ಹಿಂದಿನವರು ಗಟ್ಟಿಯಾಗಿ ಆಮೀನ್ ಅನ್ನುತ್ತಾರೆ. ನಮ್ಮ ಕಡೆಯವರು ಅಭ್ಯಾಸಬಲದಿಂದ ಅಷ್ಟರಲ್ಲಿ ಅರ್ಧ ಬಾಗಿರುತ್ತಾರೆ. ಮೊರಾಕೊದ ಮಾಲಿಕಿ ಪಂಥದವರಲ್ಲಿ ಅನೇಕರು ಕೈ ಕಟ್ಟದೆ ಇಳಿಬಿಟ್ಟು ನಿಲ್ಲುವುದನ್ನು ನೋಡಬಹುದು. ಟರ್ಕಿಯವರಲ್ಲಿ ಹೆಚ್ಚಿನವರು ನಮ್ಮ ಹಾಗೆ ಹನಫಿಗಳೇ, ಆದರೂ ಅಲ್ಲಿನ ಸರ್ಕಾರಿ ವೇಳಾಪಟ್ಟಿ ಅಪರಾಹ್ನದ ಅಸರ್ ನಮಾಜಿಗೆ ನೆರಳು ವಸ್ತುವಿನಷ್ಟೇ ಉದ್ದವಾಗುವ ಮೊದಲ ಅಳತೆಯನ್ನು ಹಿಡಿಯುವುದರಿಂದ, ನೆರಳು ಎರಡರಷ್ಟಾಗಬೇಕೆನ್ನುವ ನಮ್ಮ ಲೆಕ್ಕಕ್ಕಿಂತ ಎಷ್ಟೋ ಮುಂಚೆಯೇ ಅಜಾನ್ ಆಗಿಬಿಡುತ್ತದೆ. ಇವೆಲ್ಲ ಜಗಳಕ್ಕೆ ಕಾರಣವಾಗುವ ವ್ಯತ್ಯಾಸಗಳಲ್ಲ. ಹದಿನೈದು ದಿನಕ್ಕಿಂತ ಕಡಿಮೆ ಉಳಿಯುವ ಹನಫಿ ಪ್ರಯಾಣಿಕನಿಗೆ ನಾಲ್ಕು ರಕಾತಿನ ಫರ್ಜ್ (ಕಡ್ಡಾಯ) ನಮಾಜು ಎರಡಾಗುತ್ತದೆ, ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ತಿ ನಾಲ್ಕೇ. ಉಳಿದ ಸಂದೇಹಗಳನ್ನು ನಿಮ್ಮ ಮೊಹಲ್ಲಾದ ಪೇಶ್ ಇಮಾಮರಲ್ಲಿ ಕೇಳಿಕೊಂಡು ಹೊರಡಿ.

ಊಟದಲ್ಲೂ ಹೀಗೆಯೇ. ಮಲೇಷ್ಯಾದ ಜಾಕಿಮ್ ಸಂಸ್ಥೆಯ ಹಲಾಲ್ ಮುದ್ರೆ ಕಂಡಲ್ಲಿ ನಿಶ್ಚಿಂತೆಯಿಂದ ಕೂರಬಹುದು, ಆದರೆ ಸಮುದ್ರದ ಜೀವಿಗಳಲ್ಲಿ ಹನಫಿಗಳಿಗೆ ಮೀನು ಮಾತ್ರ ಹಲಾಲ್, ಶಾಫಿಗಳಿಗೆ ಸ್ಕ್ವಿಡ್ ಸಹ ಹಲಾಲೇ ಆದ್ದರಿಂದ ತಟ್ಟೆಯಲ್ಲಿ ಅದೂ ಬಂದೀತು. ಇಸ್ತಾಂಬುಲಿನ ಬೀದಿಬದಿಯಲ್ಲಿ ಮಸಾಲೆ ಅನ್ನ ತುಂಬಿದ ಮಸ್ಸೆಲ್ ಚಿಪ್ಪುಗಳನ್ನು ನಿಂಬೆ ಹಿಂಡಿ ತಿನ್ನುವವರು ಸಹ ಹೆಸರಿಗೆ ನಮ್ಮದೇ ಮಜ್‌ಹಬಿನವರು. ಪಕ್ಕದ ಮೇಜಿನಲ್ಲಿ ಮದ್ಯದ ಗ್ಲಾಸು ಇದ್ದರೆ ಅಚ್ಚರಿಪಡಬೇಡಿ. ನಮ್ಮ ತಹರಿಯ ಖಾರವನ್ನಂತೂ ಎಲ್ಲಿಯೂ ನಿರೀಕ್ಷಿಸಬೇಡಿ.

ಹಿಂದೂ ಅಥವಾ ಕ್ರೈಸ್ತ ಪ್ರವಾಸಿಗೆ ಬಾರದ ಒಂದು ತೊಡಕು ನಿಮಗೆ ಬರಬಹುದು: ಕೆಲವು ದೇಶಗಳಲ್ಲಿ ಮುಸ್ಲಿಮರೆಂಬ ಕಾರಣಕ್ಕೇ ನಿಮಗೆ ಹೆಚ್ಚಿನ ಕಾನೂನು ಅನ್ವಯಿಸುತ್ತದೆ. ಮಲೇಷ್ಯಾದ ರಾಜ್ಯಗಳ ಷರೀಯತ್ ಕಾಯ್ದೆಗಳು ಮುಸ್ಲಿಮರಿಗೆ ಮಾತ್ರ. ರಂಜಾನ್ ಹಗಲಿನಲ್ಲಿ ಬಹಿರಂಗವಾಗಿ ತಿಂದರೆ ದಂಡ ಬೀಳಬಹುದು; ಮದುವೆಯಾಗದ ಗಂಡು ಹೆಣ್ಣು ಒಂದೇ ಕೋಣೆಯಲ್ಲಿದ್ದರೆ ‘ಖಲ್ವತ್’ ಎಂಬ ಅಪರಾಧ. ಗೆಂಟಿಂಗ್ ಬೆಟ್ಟದ ಕ್ಯಾಸಿನೊಗೆ ಮುಸ್ಲಿಮರಿಗೆ ಪ್ರವೇಶವಿಲ್ಲ, ಆ ನಷ್ಟವನ್ನು ನೀವು ತಾಳಿಕೊಳ್ಳುತ್ತೀರಿ. ಉಜ್ಬೇಕಿಸ್ತಾನದ ಕಥೆ ಇದಕ್ಕೆ ತದ್ವಿರುದ್ಧ: ಸಾರ್ವಜನಿಕ ಸ್ಥಳದಲ್ಲಿ ಗುರುತು ಸಿಗದಂತೆ ಮುಖ ಮುಚ್ಚಿಕೊಳ್ಳುವುದನ್ನು ಅಲ್ಲಿ 2023ರ ಕಾನೂನು ನಿಷೇಧಿಸಿದೆ. ನಿಮ್ಮ ಪತ್ನಿಯವರು ನಕಾಬ್ ಹಾಕುವವರಾದರೆ ಟಿಕೆಟ್ ಕೊಳ್ಳುವ ಮೊದಲೇ ಇದನ್ನು ಮಾತಾಡಿಕೊಳ್ಳಿ.

ನೀವು ರೋಜಾದವರಾದ್ದರಿಂದ ದರ್ಗಾದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿನ ಸೂಫಿ ಸಂತ ಬಂದೇನವಾಜರ ನೆರಳಿನಲ್ಲಿ ಬೆಳೆದವರಿಗೆ ಟರ್ಕಿಯ ಕೊನ್ಯಾದ ಮೌಲಾನಾ ರೂಮಿಯವರ ಸಮಾಧಿ ಕಂಡಾಗ ಒಂದು ಬಗೆಯ ಕಸಿವಿಸಿಯಾಗುತ್ತದೆ. ಟರ್ಕಿ 1925ರಲ್ಲಿ ಕಾನೂನು ಮಾಡಿ ಸೂಫಿ ಖಾನ್ಕಾಗಳನ್ನೆಲ್ಲ (ಮಠಗಳನ್ನೆಲ್ಲ) ಮುಚ್ಚಿಸಿತು. ಆ ದರ್ಗಾ 1927ರಿಂದ ವಸ್ತುಸಂಗ್ರಹಾಲಯ. ಗಂಧ ಹಚ್ಚುವ ಸಂದಲ್ ಇಲ್ಲ, ಹೂವಿನ ಚಾದರ್ ಇಲ್ಲ, ಗೋರಿಯ ಪಾದ ಮುಟ್ಟುವ ಹಾಗಿಲ್ಲ. ಆದರೂ ಗಾಜಿನ ಪೆಟ್ಟಿಗೆಗಳಲ್ಲಿಟ್ಟ ಹಸ್ತಪ್ರತಿಗಳನ್ನು ದಾಟಿ ಬಂದ ಹಳ್ಳಿಯ ಹೆಂಗಸರು, ಕ್ಯಾಮೆರಾ ಹಿಡಿದವರ ನಡುವೆಯೇ, ಗೋರಿಯ ಎದುರು ಅಂಗೈ ಬಿಚ್ಚಿ ನಿಂತು ತುಟಿಯಲ್ಲೇ ಫಾತಿಹಾ ಓದಿ ಮುಂದೆ ಸಾಗುತ್ತಾರೆ. ಬುಖಾರಾ ಬಳಿಯ ಬಹಾವುದ್ದೀನ್ ನಕ್ಷಬಂದರ ಸನ್ನಿಧಿಯಲ್ಲಿ ಬಂದವರು ಬೆಂಚುಗಳ ಮೇಲೆ ಸಾಲಾಗಿ ಕೂರುತ್ತಾರೆ, ಒಬ್ಬರು ಕುರಾನ್ ಓದುತ್ತಾರೆ, ಎಲ್ಲರೂ ಒಟ್ಟಿಗೆ ಕೈಯೆತ್ತಿ ಮುಖ ಸವರಿಕೊಂಡು ಎದ್ದುಬಿಡುತ್ತಾರೆ. ಕವ್ವಾಲಿಯ ಅಬ್ಬರ ಬಯಸುವವರಿಗೆ ಇದು ಸಪ್ಪೆ, ನನಗೆ ಹಿಡಿಸಿತು. ಸಮರ್‌ಕಂದಕ್ಕೆ ಹೋಗುವುದಾದರೆ ಅದಕ್ಕೂ ಮೊದಲು ಬೀದರಿಗೆ ಹೋಗಿ 1472ರ ಮಹಮೂದ್ ಗವಾನ್ ಮದರಸಾವನ್ನು ಇನ್ನೊಮ್ಮೆ ನೋಡಿಬನ್ನಿ. ಗೋಪುರಕ್ಕೆ ಅಲ್ಲಲ್ಲಿ ಉಳಿದಿರುವ ಬಣ್ಣದ ಹೆಂಚಿನ ಕೆಲಸ ಎಲ್ಲಿಯ ಕುಲದ್ದೆಂಬುದು ರೇಗಿಸ್ತಾನ್ ಚೌಕದಲ್ಲಿ ನಿಂತಾಗ ತಾನೇ ಹೊಳೆಯುತ್ತದೆ.

ಇನ್ನು ಹೆಸರಿನ ವಿಷಯ. ಅಲ್ಲಿ ನಿಮ್ಮ ಹೆಸರು ಯಾರಿಗೂ ವಿಶೇಷವೆನಿಸುವುದಿಲ್ಲ. ವಿಶೇಷವೆನಿಸುವುದು ಪಾಸ್‌ಪೋರ್ಟ್ ಮತ್ತು ಮೈಬಣ್ಣ. ಸಲಾಮಿಗೆ ಸಲಾಮು ಸಿಕ್ಕ ಕೂಡಲೇ ಬರುವ ಪ್ರಶ್ನೆ “ಪಾಕಿಸ್ತಾನವೇ?” ಎಂಬುದು. ಅಲ್ಲ, ಭಾರತ ಎಂದರೆ, ಅಲ್ಲಿಯೂ ಮುಸ್ಲಿಮರಿದ್ದಾರೆಯೇ ಎಂದು ಕೇಳುವವರು ಉಂಟು. 2011ರ ಜನಗಣತಿಯ ಪ್ರಕಾರವೇ ಹದಿನೇಳು ಕೋಟಿಗೂ ಮಿಕ್ಕಿ ಇದ್ದೇವೆ ಎಂದರೆ ನಂಬಲಾರರು. ಮುಸ್ಲಿಮೇತರರಿಗೆ ಹೆಚ್ಚಿನ ಮಸೀದಿಗಳಲ್ಲಿ ಪ್ರವೇಶವಿಲ್ಲದ ಮೊರಾಕೊದಲ್ಲಿ ಬಾಗಿಲಿನವನು ಕಲಿಮಾ (ಇಸ್ಲಾಮಿನ ವಿಶ್ವಾಸವಚನ) ಹೇಳಿಸಿ ಒಳಬಿಡುವುದುಂಟು. ಕೊಲ್ಲಿ ದೇಶಗಳಲ್ಲಿ ಒಂದೇ ಸಾಲಿನಲ್ಲಿ ನಮಾಜು ಮಾಡಿ ಹೊರಬಂದ ಮೇಲೆ ಮಾಲೀಕ ಮಾಲೀಕನೇ, ಕೂಲಿ ಕೂಲಿಯೇ. ಯಾದಗಿರಿ, ಶಹಾಪುರದಿಂದ ಹೋಗಿ ದುಡಿದು ಬಂದ ಹುಡುಗರು ಇದನ್ನು ನನಗಿಂತ ಚೆನ್ನಾಗಿ ಹೇಳಿಯಾರು. ಆದ್ದರಿಂದ ಬಂಧುಗಳ ಮನೆಗೆ ಹೊರಟವರ ಹಾಗೆ ಹೋಗಬೇಡಿ, ಪರದೇಶ ನೋಡಲು ಹೊರಟವರ ಹಾಗೆ ಹೋಗಿ. ಸಿಗುವ ಆದರ ಆಗ ಲಾಭವೇ ಆಗುತ್ತದೆ.

ನನ್ನನ್ನು ಕೇಳಿದರೆ ಪತ್ನಿಯವರ ದೃಷ್ಟಿಯಿಂದ ಈ ಬಾರಿ ಮಲೇಷ್ಯಾ, ಅದೂ ರಂಜಾನ್ ತಿಂಗಳನ್ನು ಬಿಟ್ಟು. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ದೇಶದ ಅಧಿಕೃತ ಜಾಲತಾಣವನ್ನು ಹೊರಡುವ ಮುಂಚೆ ನೋಡಿಕೊಳ್ಳಿ. ನಿಮ್ಮ ನಿಕಾಹ್‌ನಾಮಾ (ಮದುವೆಯ ಪತ್ರ) ಉರ್ದುವಿನಲ್ಲಿದ್ದರೆ ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಿ, ಖಲ್ವತ್‌ನ ಪ್ರಶ್ನೆ ಎದ್ದರೆ ತೋರಿಸಲು ಒಂದು ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಅದರಲ್ಲಿರುವ ಹೆಸರುಗಳ ಕಾಗುಣಿತ ಇಬ್ಬರ ಪಾಸ್‌ಪೋರ್ಟಿಗೂ ಹೊಂದುತ್ತದೆಯೇ ಎಂದು ಈಗಲೇ ತೆಗೆದು ನೋಡಿ.

— ಸಂಪಾದಕ