ವಂಡೂರಿಗೆ ಸೋಮವಾರ ಹೋಗಬೇಡಿ ಮಾರಾಯ್ರೆ

ನಿಮ್ಮ ಪ್ಲಾನ್ ಓದಿ ಮೈ ಉರಿಯಿತು. ನಿಮ್ಮ ಮೇಲಲ್ಲ, ನನ್ನ ಮೇಲೆಯೇ. ಡಿಸೆಂಬರಿನಲ್ಲಿ ಉಡುಪಿಯಿಂದ ಹೊರಟು ಅಂಡಮಾನಿನಲ್ಲಿ ಐದು ದಿನ, ಹೆಚ್ಚಿನ ದಿನವೆಲ್ಲ ದ್ವೀಪಗಳಾದ ಹ್ಯಾವ್ಲಾಕ್ ಮತ್ತು ನೀಲ್‌ಗೆ, ಕೊನೆಗೆ ಉಳಿದ ಅರ್ಧ ದಿನದಲ್ಲಿ ಪೋರ್ಟ್ ಬ್ಲೇರ್ ಹತ್ತಿರ ವಂಡೂರಿನ ಮರೈನ್ ನ್ಯಾಷನಲ್ ಪಾರ್ಕ್ ‘ಮುಗಿಸಬಹುದಾ’ ಅಂತ ಕೇಳಿದ್ದೀರಿ. ನಾವೂ ಹೀಗೇ ಮಾಡಿದ್ದು. ಮುಗಿಸುವುದು ಬಿಡಿ, ಶುರುವೇ ಆಗಲಿಲ್ಲ.

ನಮ್ಮದು ಮಂಗಳೂರು. ಪಣಂಬೂರು ಬೀಚಿಗೆ ಭಾನುವಾರ ಹೋಗುವ ಜನ ಅಲ್ಲ ನಾವು. ಸೋಮವಾರ ಹೋದರೆ ಪಾರ್ಕಿಂಗೂ ಸಿಗುತ್ತದೆ, ಮಕ್ಕಳೂ ಕಣ್ಣೆದುರೇ ಇರುತ್ತಾರೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೂ ನಮ್ಮದು ಇದೇ ಲೆಕ್ಕ, ವಾರದ ಮಧ್ಯೆ ಹೋಗುವುದು, ಅಲ್ಲೇ ಟಿಕೆಟ್ ಮಾಡುವುದು, ಬೋಟು ಹತ್ತುವುದು. ಈ ಬುದ್ಧಿವಂತಿಕೆಯನ್ನೇ ಅಂಡಮಾನಿಗೂ ಕಟ್ಟಿಕೊಂಡು ಹೋದೆ. ವಾಪಸಿಗೆ ಮಂಗಳವಾರದ ಫ್ಲೈಟ್ ಅಗ್ಗಕ್ಕೆ ಸಿಕ್ಕಿತ್ತು, ಹಾಗಾಗಿ ಸೋಮವಾರ ಖಾಲಿ, ‘ಆರಾಮಲ್ಲಿ ಪಾರ್ಕ್ ನೋಡುವ, ರಶ್ ಇರುವುದಿಲ್ಲ’ ಅಂತ ಮನೆಯಲ್ಲಿ ಎಲ್ಲರಿಗೂ ಭಾಷಣ ಮಾಡಿದ್ದೆ.

ರಶ್ ಇರಲಿಲ್ಲ, ನಿಜ. ಸೋಮವಾರ ಆ ಪಾರ್ಕಿಗೆ ರಜೆ.

ಪೋರ್ಟ್ ಬ್ಲೇರ್‌ನಿಂದ ಸುಮಾರು 30 ಕಿಲೋಮೀಟರ್ ಟ್ಯಾಕ್ಸಿಯಲ್ಲಿ ಹೋಗಿ ವಂಡೂರು ಜೆಟ್ಟಿ ಹತ್ತಿರ ಇಳಿದರೆ ಬೋಟೆಲ್ಲ ಕಟ್ಟಿ ಹಾಕಿದ್ದಾರೆ, ಗೇಟಿನ ಅಡ್ಡಕ್ಕೆ ಒಂದು ನಾಯಿ ಮಲಗಿತ್ತು. ಅಲ್ಲಿದ್ದವರೊಬ್ಬರು ಪರ್ಮಿಟ್ ಇದೆಯಾ ಅಂತ ಬೇರೆ ಕೇಳಿದರು. ಯಾವ ಪರ್ಮಿಟ್? ಅರಣ್ಯ ಇಲಾಖೆಯ ಪರ್ಮಿಟ್ ಮೊದಲೇ ಮಾಡಿಸಿಕೊಂಡು ಬರಬೇಕಂತೆ. ಅಂದರೆ ಅವತ್ತು ಸೋಮವಾರ ಅಲ್ಲದಿದ್ದರೂ ನಾವು ಗೇಟಿನ ಹೊರಗೇ! ಪ್ಯಾಕೇಜ್ ಮಾಡಿಕೊಟ್ಟವನಿಗೆ ‘ಸೋಮವಾರ ವಂಡೂರು’ ಅಂತ ನಾನೇ ಬರೆದುಕೊಟ್ಟಿದ್ದೆ, ಅವನು ಸುಮ್ನೆ ಓಕೆ ಅಂದಿದ್ದ. ಅವನನ್ನು ಬೈದು ಸುಖವಿಲ್ಲ. ನಾನು ಒಂದು ಸಲ ಫೋನಿನಲ್ಲಿ ಹುಡುಕಿದ್ದರೆ ಅರ್ಧ ನಿಮಿಷದ ಕೆಲಸ. ಹೋಟೆಲ್ ರೇಟಿಂಗ್ ನೋಡಲಿಕ್ಕೆ ಎರಡು ರಾತ್ರಿ ಕಳೆದಿದ್ದೆ, ಪಾರ್ಕ್ ತೆರೆದಿರುತ್ತದಾ ಅಂತ ಮಾತ್ರ ನೋಡಲಿಲ್ಲ.

ಆಮೇಲೆ ಪಕ್ಕದ ವಂಡೂರು ಬೀಚಿನಲ್ಲಿ ಕೂತೆವು. ಅಲ್ಲೂ ಮೊಸಳೆ ಇದೆ ಅಂತ ಬೋರ್ಡು. ಅತ್ತೆ ‘ಇದಕ್ಕೆ ಉಳ್ಳಾಲವೇ ಸಾಕಿತ್ತು’ ಅಂದರು. ವಾಪಸ್ ಬರುವಾಗ ಸಿಪ್ಪಿಘಾಟ್ ಹತ್ತಿರ ಡ್ರೈವರ್ ಗಾಡಿ ನಿಲ್ಲಿಸಿ ತೋರಿಸಿದ. 2004ರ ಭೂಕಂಪದಲ್ಲಿ ಅಲ್ಲಿಯ ನೆಲವೇ ಕೆಳಗೆ ಕುಸಿದು, ಗದ್ದೆಗಳಿಗೆ ಸಮುದ್ರದ ನೀರು ನುಗ್ಗಿ, ಆಮೇಲೆ ಹಾಗೇ ನಿಂತುಬಿಟ್ಟಿದೆ. ಆ ಇಡೀ ದಿನದಲ್ಲಿ ನೋಡಿದ್ದು ಅದೊಂದೇ, ಆದರೆ ಈಗಲೂ ಕಣ್ಣಲ್ಲಿದೆ.

ಮೂರು ವರ್ಷ ಬಿಟ್ಟು ಮತ್ತೆ ಹೋದೆವು. ಬೆಂಗಳೂರು ಮೇಲೆ ಹೋಗಿ ಬರುವ ಐದು ಜನರ ಟಿಕೆಟ್ ದುಡ್ಡು ಅಂದರೆ ಆ ಸೋಮವಾರದ ಬೆಲೆ ಲೆಕ್ಕ ಹಾಕಿಕೊಳ್ಳಿ. ಈ ಸಲ ಪರ್ಮಿಟ್, ಐಡಿ, ವಾರ ಎಲ್ಲ ಸರಿ. ಗೇಟಿನಲ್ಲಿ ಬ್ಯಾಗ್ ತೆರೆಸಿದರು, ಒಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ. ಅತ್ತೆಯ ಚಕ್ಕುಲಿ ತೊಟ್ಟೆ ಹೊರಗೆ ಬಂತು. ಅವರು ಜಗಳ ಮಾಡದೆ ಅಲ್ಲೇ ಕೂತು ಒಂದೊಂದೇ ಚಕ್ಕುಲಿ ಮುರಿಯದ ಹಾಗೆ ಸ್ಟೀಲ್ ಡಬ್ಬಿಗೆ ಹಾಕಿದರು, ಹಿಂದೆ ಕ್ಯೂ ಕಾಯುತ್ತಾ ನಿಂತಿತ್ತು.

ಪಾರ್ಕ್ ಆದದ್ದು 1983ರಲ್ಲಿ, ಮಹಾತ್ಮ ಗಾಂಧಿ ಹೆಸರಲ್ಲಿ. ದ್ವೀಪ 15 ಇದ್ದರೂ ಪ್ರವಾಸಿಗಳನ್ನು ಬಿಡುವುದು ಜಾಲಿ ಬಾಯ್ ಅಥವಾ ರೆಡ್ ಸ್ಕಿನ್‌ಗೆ. ಹವಳಕ್ಕೆ ಸ್ವಲ್ಪ ವಿಶ್ರಾಂತಿ ಸಿಗಲಿ ಅಂತ ಸೀಸನ್ ನೋಡಿ ಅದಲು ಬದಲು ಮಾಡುತ್ತಾರೆ. ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಜಾಲಿ ಬಾಯ್. ಎರಡೂ ಬದಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ನಡುವೆ ಬೋಟು, ಆ ದಾರಿಯೇ ಅರ್ಧ ಮಜಾ. ಟಿವಿಯಲ್ಲಿ ಕಾಣುವ ಬಣ್ಣ ಮಾತ್ರ ನಿರೀಕ್ಷೆ ಮಾಡಬೇಡಿ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳ ತುಂಬಾ ಬಿಳಿಚಿಕೊಂಡಿತ್ತು, ಸತ್ತದ್ದು ಬೂದಿ ಬಣ್ಣಕ್ಕಿದೆ. ಗಾಜಿನ ತಳದ ಬೋಟಿನಲ್ಲಿ ಕೆಳಗೆ ಕಪ್ಪಗೆ ಉದ್ದಕ್ಕೆ ಏನೋ ಬಿದ್ದಿತ್ತು. ಸಮುದ್ರದ ಸೌತೆ ಅಂತ ಹೇಳಿದೆ, ಹೆಸರಷ್ಟೇ ಸೌತೆ, ಅದು ಪ್ರಾಣಿ. ‘ಹುಳಿ ಮಾಡಲಿಕ್ಕೆ ಆಗುತ್ತದಾ?’ ಅತ್ತೆಯ ಪ್ರಶ್ನೆ.

ನಿಮ್ಮ ‘ಅರ್ಧ ದಿನ’ ಅನ್ನುವ ಲೆಕ್ಕವೇ ತಪ್ಪು. ಬೋಟು ಹೊರಡುವುದು ಬೆಳಿಗ್ಗೆ. ಗಡಿಯಾರ ನಮ್ಮದೇ ಆದರೂ ಸೂರ್ಯ ನಮ್ಮದಲ್ಲ, ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆ ಮುಳುಗುತ್ತಾನೆ, ಮಂಗಳೂರಿಗಿಂತ ಒಂದು ಗಂಟೆ ಮೊದಲು. ಇಳಿದ ಮಾರನೇ ದಿನವೇ ವಂಡೂರಿಗೆ ಹೋಗಿ. ನೀಲ್ ಬಿಡಿ, ಏನೂ ಕಳಕೊಳ್ಳುವುದಿಲ್ಲ. ಸಮುದ್ರ ಕೆಟ್ಟರೆ ಫೆರಿ ರದ್ದಾಗುತ್ತದೆ, ಹಾಗಾಗಿ ಫ್ಲೈಟಿನ ಹಿಂದಿನ ದಿನ ಪೋರ್ಟ್ ಬ್ಲೇರಿಗೆ ಬಂದುಬಿಡಿ. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ.

ಆ ಊರನ್ನು ಬಸ್‌ಸ್ಟ್ಯಾಂಡ್ ಮಾಡಬೇಡಿ. ಆ ದಿನ ಸೆಲ್ಯುಲರ್ ಜೈಲಿಗೆ ಇಡಿ. 1906ಕ್ಕೆ ಕಟ್ಟಿ ಮುಗಿದಾಗ ಕೋಣೆಗಳ ಏಳು ಸಾಲು ಇತ್ತು, ಈಗ ಉಳಿದದ್ದು ಮೂರು. ಒಂದು ಸಾಲಿನ ಮುಖಕ್ಕೆ ಇನ್ನೊಂದು ಸಾಲಿನ ಬೆನ್ನು, ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣಬಾರದು ಅಂತ. ಒಂದು ಕೋಣೆ ಒಳಗೆ ಹೋಗಿ ಬಾಗಿಲ ಕಡೆ ತಿರುಗಿ ನಿಂತು ನೋಡಿ, ಗೊತ್ತಾಗುತ್ತದೆ.

ಡಿಸೆಂಬರ್ ಅಂದಿರಿ, ತಾರೀಕು ಹೇಳಲಿಲ್ಲ. ಹೇಳಿ, ವಾರ ನಾನೇ ನೋಡಿ ಹೇಳುತ್ತೇನೆ.