ಹರಕೆ ಹೊತ್ತರೆ ಮಗನ ಕಾಲು ಸರಿಹೋಗುತ್ತಾ?

ಅಕ್ಕಾ, ನಿಮ್ಮ ನಾಲ್ಕು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ), ನಡೆಯಲು ಬರುವುದಿಲ್ಲ, ಮನೆಯವರೆಲ್ಲ ಹರಕೆ ಹೊರು ಅನ್ನುತ್ತಿದ್ದಾರೆ, ಹೊತ್ತರೆ ಏನಾದರೂ ಆಗುತ್ತಾ ಅಂತ ಕೇಳಿದ್ದೀರಿ. ನನ್ನದು ಪೋಲಿಯೋ, ಎಡಗಾಲು. ಕಾಯಿಲೆ ಬೇರೆ. ಆದರೆ ಹರಕೆ ಏನು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಕಾಲು ಸರಿಹೋಗಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಅಂಕೋಲಾ ಹತ್ತಿರದ ಬೇಲೆಕೇರಿ. ಅಪ್ಪ ಬೇಗ ತೀರಿಕೊಂಡರು. ಅವ್ವ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ದೋಣಿ ಇಳಿಯದ ಮಳೆಗಾಲದಲ್ಲಿ ಒಣಮೀನು. ಅದೂ ಮುಗಿದರೆ ಯಾರದ್ದಾದರೂ ಗದ್ದೆಯಲ್ಲಿ ಕೂಲಿ. ಬೆಳಿಗ್ಗೆ ಗಂಜಿ, ರಾತ್ರಿಯೂ ಗಂಜಿ.

1980ರ ಫೆಬ್ರುವರಿ 16ರಂದು ನಮ್ಮ ಕರಾವಳಿಯಲ್ಲಿ ಪೂರ್ಣ ಸೂರ್ಯಗ್ರಹಣ. ಹಗಲಲ್ಲೇ ಕತ್ತಲಾಯಿತು. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿತ್ತು. ನಾನಾಗ ಅವ್ವನ ಹೊಟ್ಟೆಯಲ್ಲಿದ್ದೆ. ಅವಳು ಆ ಹೊತ್ತಿನಲ್ಲಿ ಬಂಗಡೆ ಕೊಯ್ದಳಂತೆ. ಕೊಯ್ದು ಉಪ್ಪು ಹಾಕದಿದ್ದರೆ ಇಡೀ ಬುಟ್ಟಿ ಕೆಟ್ಟುಹೋಗುತ್ತಿತ್ತು.

ನನಗೆ ಎರಡು ತುಂಬಿದ ಮಳೆಗಾಲದಲ್ಲಿ ಜ್ವರ ಬಂತು. ಜ್ವರ ಬಿಟ್ಟಾಗ ಎಡಗಾಲಿನ ಶಕ್ತಿ ಹೋಗಿತ್ತು. ಬಸುರಿ ಹೆಂಗಸು ಗ್ರಹಣದಲ್ಲಿ ಕತ್ತಿ ಹಿಡಿದಳು, ಮಗನ ಕಾಲು ಹೋಯಿತು ಅಂತ ಊರಿನವರು ಆಡಿಕೊಂಡರು. ಆ ಜ್ವರದವರೆಗೆ ನಾನು ಅಂಗಳದ ತುಂಬ ಓಡಾಡಿಕೊಂಡಿದ್ದೆ, ಅದು ಯಾರಿಗೂ ನೆನಪಾಗಲಿಲ್ಲ.

ಪೋಲಿಯೋ ಬರುವುದು ವೈರಸ್‌ನಿಂದ. ಹೊಲಸು ಸೇರಿದ ನೀರು, ಆಹಾರದಿಂದ ಹೊಟ್ಟೆಗೆ ಹೋಗುತ್ತದೆ. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನೇ ಕೊಲ್ಲುತ್ತದೆ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. 2011ರ ಜನವರಿಯ ನಂತರ ಇಲ್ಲಿ ವೈಲ್ಡ್ ಪೋಲಿಯೋ ಯಾವ ಮಗುವಿನಲ್ಲೂ ಕಂಡಿಲ್ಲ. ಇದನ್ನೆಲ್ಲ ನಾನು ಒಂದು ದಿನ ಅವ್ವನಿಗೆ ಬಿಡಿಸಿ ಹೇಳಿದೆ. ಕೇಳಿ ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ, "ಹಂಗಾರೆ ನಂದೇನೂ ತಪ್ಪಿಲ್ಲ ಅಲ್ವಾ?" ಅಂದಳು. ಆಗ ನನಗೆ ಮೂವತ್ತು ದಾಟಿತ್ತು. ಅಷ್ಟು ವರ್ಷ ಊರಿನವರ ಆ ಮಾತನ್ನು ಒಳಗೇ ಇಟ್ಟುಕೊಂಡು ಮೀನಿನ ಬುಟ್ಟಿ ಹೊತ್ತಿದ್ದಳು.

ಹರಕೆ ಹೊತ್ತದ್ದು ಶಿರಸಿ ಮಾರಿಕಾಂಬೆಗೆ, ಒಂದು ಬೆಳ್ಳಿಯ ಕಾಲು. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುತ್ತಿದ್ದಳು. ನಾನು ಶಾಲೆಗೆ ಸೇರುವ ವರ್ಷ ಒಂದು ಶಿಬಿರದಲ್ಲಿ ಡಾಕ್ಟರು, ಇವನಿಗೆ ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿಸಿ, ನಿಲ್ಲುತ್ತಾನೆ ಅಂದರು. ದುಡ್ಡು ಅಂತ ಇದ್ದದ್ದು ಆ ಡಬ್ಬಿಯಲ್ಲಿ ಮಾತ್ರ. ಅವ್ವ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೇ ದಿನ ಡಬ್ಬಿ ಒಡೆದಳು.

ಕಬ್ಬಿಣದ ಸರಳು, ಚರ್ಮದ ಪಟ್ಟಿ, ಬೂಟು. ಉಪ್ಪುಗಾಳಿಗೆ ಸರಳು ತುಕ್ಕು ಹಿಡಿಯುತ್ತಿತ್ತು. ದಿನಾ ರಾತ್ರಿ ತೆಂಗಿನೆಣ್ಣೆ ಸವರಿ ಒರೆಸುತ್ತಿದ್ದಳು, ತಲೆಗೆ ಹಚ್ಚಿಕೊಳ್ಳಲು ಎಣ್ಣೆ ಇಲ್ಲದ ದಿನವೂ. ನಾನು ಬೆಳೆದ ಹಾಗೆ ಅದು ಗಿಡ್ಡವಾಗುತ್ತಿತ್ತು. ಮತ್ತೆ ಹೊಸದು, ಮತ್ತೆ ಸಾಲ.

ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ. ಮುಂದಿನ ಜಾತ್ರೆಗೆ ದೇವಿಮನೆ ಘಟ್ಟ ಹತ್ತಿ ನನ್ನನ್ನು ಕರೆದುಕೊಂಡು ಹೋದಳು. ಜಾತ್ರೆಯಲ್ಲಿ ದೇವಿಯನ್ನು ಕೂರಿಸುವ ಬಿಡಕಿಬೈಲಿನ ಗದ್ದುಗೆಯ ಎದುರು, ಆ ನೂಕುನುಗ್ಗಲಿನಲ್ಲಿ, ನನ್ನ ಚಡ್ಡಿ ಸ್ವಲ್ಪ ಮೇಲೆತ್ತಿ ಕ್ಯಾಲಿಪರ್ ತೋರಿಸಿದಳು. "ತಾಯೀ, ನಿನ್ನ ದುಡ್ಡು ಇಲ್ಲಿ ಹಾಕಿದೆ. ಸಾಲ ಅಂತ ಬರ್ಕೊ" ಅಂದಳು. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ. ಹಾಗಾಗಿ ಈಗ ದೇವರ ಹತ್ತಿರ ಏನನ್ನೂ ಬೇಡದ ನಾನೂ ಜಾತ್ರೆಗೆ ಹೋಗುವುದನ್ನು ಬಿಟ್ಟಿಲ್ಲ.

ನನಗೆ ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಆ ಸಾಲ ತೀರಿಸಿದಳು. ಅಕ್ಕಸಾಲಿಗರು ಎಡಗಾಲೋ ಬಲಗಾಲೋ ಅಂತ ಕೇಳಿದರು. ಬಲಗಾಲು ಅಂದಳು. ಎಡಗಾಲು ಅಲ್ವಾ ಅಂತ ನಾನು ತಿದ್ದಲು ಹೋದೆ. "ಇಷ್ಟು ವರ್ಷ ನಿನ್ನ ಹೊತ್ತದ್ದು ಯಾವುದೋ?" ಅಂತ ನನ್ನನ್ನೇ ಕೇಳಿದಳು.

ನಿಮಗೆ ಮನಸ್ಸಿದ್ದರೆ ಹರಕೆ ಹೊತ್ತುಕೊಳ್ಳಿ, ಅಕ್ಕಾ. ಆದರೆ ಫಿಸಿಯೋಥೆರಪಿಯ ಒಂದು ದಿನವನ್ನೂ ಅದಕ್ಕಾಗಿ ತಪ್ಪಿಸಬೇಡಿ. ನಿಮ್ಮ ಮಗ ಚಿಕ್ಕವನು, ಈ ವರ್ಷಗಳು ಜಾಸ್ತಿ ಮುಖ್ಯ. ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ವಿ.ಆರ್.ಡಬ್ಲ್ಯೂ ಇರುತ್ತಾರೆ, ಅವರನ್ನು ಕಂಡು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಜಾಸ್ತಿ ಇದ್ದರೆ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ 6ರಿಂದ 18 ವರ್ಷದವರೆಗೆ ಉಚಿತವಾಗಿ ಓದುವ ಹಕ್ಕು ಅವನಿಗಿದೆ. ಶಾಲೆಯವರು ಹಿಂದೆಮುಂದೆ ನೋಡಿದರೆ ಇದನ್ನೇ ಹೇಳಿ.

ಇನ್ನು, ಯಾರಾದರೂ ಅವನೆದುರು ನಿಮ್ಮ ಕರ್ಮ, ಪಾಪ ಅಂತ ಶುರು ಮಾಡಿದರೆ ಮಗುವನ್ನು ಎತ್ತಿಕೊಂಡು ಅಲ್ಲಿಂದ ಎದ್ದುಬಿಡಿ. ಅವನಿಗೆ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ನಾನು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.